ಶಾರ್ಕ್ ಚರ್ಮದ ಗೀರುಗಳು ಈಗ ವಿಮಾನದ ಮೈಮೇಲೆ: ಶೇ 1ರಷ್ಟು ಇಂಧನ ಉಳಿತಾಯದ ಹಿಂದೆ ಏನಿದೆ?

ಮಲ್ಪೆ ಬಂದರಿನಲ್ಲಿ ಬೆಳಿಗ್ಗೆ ಬುಟ್ಟಿಗಳ ನಡುವೆ ಓಡಾಡಿದರೆ ಬಂಗುಡೆ, ಬೂತಾಯಿಗಳ ಪಕ್ಕದಲ್ಲಿ ಒಮ್ಮೊಮ್ಮೆ ಮೊಳದುದ್ದದ ಬೂದು ಮೀನು ಕಣ್ಣಿಗೆ ಬೀಳುತ್ತದೆ. ಅದು ತಾಟೆ, ಅಂದರೆ ನಮ್ಮ ಕರಾವಳಿಯ ಸಣ್ಣ ಶಾರ್ಕ್. ತಲೆಯಿಂದ ಬಾಲದ ಕಡೆಗೆ ಅದರ ಮೈಮೇಲೆ ಬೆರಳು ಎಳೆದರೆ ಒದ್ದೆ ರಬ್ಬರಿನ ಹಾಗೆ ನುಣ್ಣಗಿರುತ್ತದೆ. ಅದೇ ಬೆರಳನ್ನು ಬಾಲದಿಂದ ತಲೆಯ ಕಡೆಗೆ ಎಳೆದು ನೋಡಿ. ಸ್ಯಾಂಡ್ ಪೇಪರ್ ಮುಟ್ಟಿದ ಹಾಗೆ ಗರಗರ ಅನ್ನುತ್ತದೆ. ನಾನು ಮೊದಲ ಸಲ ಹೀಗೆ ಮಾಡಿದಾಗ ಮೀನು ಮಾರುತ್ತಿದ್ದ ಅಕ್ಕ, "ಹಾಗೆ ಉಜ್ಬೇಡಿ ಮಾರಾಯ್ರೆ, ಕೈ ತರಚುತ್ತದೆ" ಅಂದಿದ್ದರು. ಮನೆಗೆ ತಂದ ಮೇಲೆ ಕುದಿಯುವ ನೀರಿನಲ್ಲಿ ಒಂದು ನಿಮಿಷ ಅದ್ದಿ, ಚಾಕುವಿನ ಬೆನ್ನಿನಿಂದ ಹೆರೆದರೆ ಮರಳಿನಂಥ ಪುಡಿ ಉದುರುತ್ತದೆ. ಅದನ್ನು ಪೂರ್ತಿ ತೆಗೆಯದೆ ಸಾರು ಮಾಡಿದರೆ ಬಾಯಲ್ಲಿ ಮಣ್ಣು ಕಡಿದ ಹಾಗಿರುತ್ತದೆ.

ಆ ಮರಳು ಮರಳಲ್ಲ, ಹಲ್ಲು. ಸುಮ್ನೆ ಹೋಲಿಕೆಗೆ ಹೇಳುತ್ತಿರುವ ಮಾತಲ್ಲ ಇದು. ಶಾರ್ಕಿನ ಒಂದೊಂದು ಹುರುಪೆಯ ಒಳಗೂ ನಮ್ಮ ಹಲ್ಲಿನಲ್ಲಿರುವ ಹಾಗೆಯೇ ಮೆತ್ತಗಿನ ತಿರುಳು ಇರುತ್ತದೆ, ಅದರ ಸುತ್ತ ಡೆಂಟಿನ್, ಅದರ ಮೇಲೆ ಎನಾಮೆಲ್‌ನಂಥ ಗಟ್ಟಿ ಹೊದಿಕೆ. ಬುಡದ ತಟ್ಟೆ ಚರ್ಮದೊಳಗೆ ಹೂತಿರುತ್ತದೆ, ತಲೆ ಮಾತ್ರ ಹೊರಗೆ ಬಾಲದ ಕಡೆಗೆ ಬಾಗಿರುತ್ತದೆ. ಕೈಗೆ ಒಂದು ಕಡೆ ನುಣುಪು, ಇನ್ನೊಂದು ಕಡೆ ಒರಟು ಅನ್ನಿಸುವುದು ಇದರಿಂದಲೇ. ಬಂಗುಡೆಯಂಥ ಮೂಳೆ ಮೀನಿನ ಹುರುಪೆ ಮೀನಿನ ಜೊತೆಗೇ ಬೆಳೆಯುತ್ತದೆ. ಶಾರ್ಕಿನದ್ದು ಹಾಗಲ್ಲ. ಒಮ್ಮೆ ಮೂಡಿದ ಮೇಲೆ ಅದು ದೊಡ್ಡದಾಗುವುದಿಲ್ಲ. ಹಳೆಯದು ಉದುರಿ ಹೊಸದು ಬರುತ್ತಿರುತ್ತದೆ, ಮೈ ಬೆಳೆದಷ್ಟೂ ಸಂಖ್ಯೆ ಹೆಚ್ಚುತ್ತಾ ಹೋಗುತ್ತದೆ.

ವೇಗವಾಗಿ ಈಜುವ ಮಾಕೋ ಶಾರ್ಕಿನ ಪಕ್ಕೆಯ ಮೇಲಿನ ಹುರುಪೆ ಬರೀ 0.2 ಮಿಲಿಮೀಟರ್ ಇರುತ್ತದೆ. ಬರಿಗಣ್ಣಿಗೆ ಅದರ ಆಕಾರ ಕಾಣುವುದಿಲ್ಲ. ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಅದರ ಬೆನ್ನ ಮೇಲೆ ಉದ್ದಕ್ಕೂ ಸಣ್ಣ ಸಣ್ಣ ಏಣುಗಳು, ಅವುಗಳ ಮಧ್ಯೆ ಗೀರುಗಳು. ಪಕ್ಕದ ಹುರುಪೆಯ ಗೀರು ಇದರ ಗೀರಿಗೆ ಸಾಲಾಗಿ ಕೂಡಿಕೊಳ್ಳುತ್ತದೆ. ಉತ್ತು ಬಿಟ್ಟ ಹೊಲವನ್ನು ಗುಡ್ಡದ ಮೇಲಿನಿಂದ ನೋಡಿದಾಗ ಸಾಲುಗಳು ಹೇಗೆ ಕಾಣುತ್ತವೋ ಹಾಗೆ. ಆದರೆ ಮೈ ತುಂಬ ಒಂದೇ ಥರ ಇರುವುದಿಲ್ಲ. ಮೂತಿಯ ಮೇಲೆ ಹುರುಪೆಗಳು ಹೆಚ್ಚು ಕಡಿಮೆ ನುಣುಪು. ಪಕ್ಕೆಯ ಮೇಲೆ ಚೂಪು, ಸಡಿಲ. ಸಮುದ್ರದ ತಳದಲ್ಲೇ ಬಿದ್ದಿರುವ ನರ್ಸ್ ಶಾರ್ಕಿನಂಥವುಗಳಿಗೆ ಮರಳು, ಬಂಡೆಗಳಿಗೆ ಉಜ್ಜಿದರೂ ಏನೂ ಆಗದ ಹಾಗೆ ದಪ್ಪ ದಪ್ಪ ಹುರುಪೆ. ನೀಲಿ ಶಾರ್ಕಿನಲ್ಲಂತೂ ಹೆಣ್ಣಿನ ಚರ್ಮ ಗಂಡಿನದ್ದಕ್ಕಿಂತ ಎರಡು ಪಟ್ಟು ದಪ್ಪ, ಕೂಡುವಾಗ ಗಂಡು ಕಚ್ಚಿ ಹಿಡಿಯುತ್ತದೆ ಅನ್ನುವ ಕಾರಣಕ್ಕೆ. ಹಾಗಾಗಿ 'ಶಾರ್ಕ್ ಚರ್ಮ' ಅಂತ ಒಂದೇ ವಸ್ತು ಇದೆ ಅಂದುಕೊಂಡರೆ ಮೊದಲ ಹೆಜ್ಜೆಯಲ್ಲೇ ತಪ್ಪಿದ ಹಾಗೆ. ಕಳೆದ 40 ವರ್ಷಗಳಲ್ಲಿ ಇದನ್ನು ನಕಲು ಮಾಡಲು ಹೋದ ಹಲವರು ಎಡವಿದ್ದು ಇಲ್ಲೇ.

ಹುರುಪೆಯ ಕೆಳಗಿನ ಚರ್ಮವನ್ನೂ ಮರೆಯಬಾರದು. ಅಲ್ಲಿ ಕೊಲಾಜೆನ್ ನಾರುಗಳು ಎಡಕ್ಕೊಂದು ಬಲಕ್ಕೊಂದು ಸುತ್ತಿಕೊಂಡು, ಬುಟ್ಟಿ ಹೆಣೆದ ಹಾಗೆ ಪದರ ಪದರವಾಗಿ ಕೂತಿರುತ್ತವೆ. 1978ರಲ್ಲಿ ಅಮೆರಿಕದ ಸ್ಟೀಫನ್ ವೇನ್‌ರೈಟ್ ಮತ್ತು ಜೊತೆಗಾರರು ಲೆಮನ್ ಶಾರ್ಕಿನ ಚರ್ಮದ ಅಡಿಯ ಒತ್ತಡವನ್ನು ಅಳೆದರು. ನಿಧಾನಕ್ಕೆ ಈಜುವಾಗ ಇದ್ದ ಒತ್ತಡ ಜೋರಾಗಿ ಈಜುವಾಗ 10 ಪಟ್ಟಿಗೂ ಜಾಸ್ತಿ ಆಗಿತ್ತು. ಗಾಳಿ ತುಂಬಿದ ಟ್ಯೂಬಿನ ಹಾಗೆ ಚರ್ಮ ಬಿಗಿಯಾಗುತ್ತದೆ, ಮೈ ಒಂದು ಕಡೆಗೆ ಬಾಗಿದಾಗ ಸ್ಪ್ರಿಂಗಿನ ಹಾಗೆ ಇನ್ನೊಂದು ಕಡೆಗೆ ಎಳೆಯುತ್ತದೆ. ಹೊರಗಿನ ಗೀರುಗಳ ಬಗ್ಗೆ ನೂರು ಲೇಖನ ಬಂದಿವೆ, ಈ ಒಳಗಿನ ಹೆಣಿಗೆಯ ಬಗ್ಗೆ ಯಾರೂ ಮಾತಾಡುವುದಿಲ್ಲ, ಅದು ನನಗೆ ಬೇಸರದ ವಿಷಯ.

ಈಗ ಗೀರುಗಳಿಗೆ ಬರೋಣ. ನುಣುಪಾದ ಮೈಗಿಂತ ಗೀರಿರುವ ಮೈ ನೀರಿನಲ್ಲಿ ಸುಲಭವಾಗಿ ಜಾರುತ್ತದೆ ಅಂದರೆ ಯಾರಿಗೂ ತಕ್ಷಣ ನಂಬಿಕೆ ಬರುವುದಿಲ್ಲ. ಬರಬಾರದು ಕೂಡ, ಯಾಕೆಂದರೆ ಗೀರು ಹಾಕಿದಾಗ ನೀರಿಗೆ ತಾಗುವ ಜಾಗ ಹೆಚ್ಚುತ್ತದೆ, ಜಾಗ ಹೆಚ್ಚಿದರೆ ಘರ್ಷಣೆ ಹೆಚ್ಚಬೇಕು. ನೀರು ನಿಧಾನವಾಗಿ, ಪದರ ಪದರವಾಗಿ ಹರಿಯುವಾಗ ಗೀರಿನಿಂದ ಪ್ರಯೋಜನವೂ ಇಲ್ಲ.

ವೇಗ ಹೆಚ್ಚಿದಾಗ ಕಥೆ ಬದಲಾಗುತ್ತದೆ. ಮೈಗೆ ತಾಗಿದ ನೀರು ಮೈಗೆ ಅಂಟಿಕೊಂಡೇ ಇರುತ್ತದೆ, ಸ್ವಲ್ಪ ದೂರದ ನೀರು ವೇಗವಾಗಿ ಹಿಂದಕ್ಕೆ ಓಡುತ್ತದೆ. ಇವೆರಡರ ನಡುವಿನ ತೆಳು ಪದರದಲ್ಲಿ ಹರಿವಿನ ದಿಕ್ಕಿಗೇ ಉದ್ದುದ್ದವಾಗಿ ಮಲಗಿದ ಸಣ್ಣ ಸುಳಿಗಳು ಹುಟ್ಟುತ್ತವೆ. ಹಗ್ಗ ಹೊಸೆದ ಹಾಗೆ ತಿರುಗುತ್ತಿರುವ ಎಳೆಗಳು ಅಂದುಕೊಳ್ಳಿ. ಒಂದು ಪಕ್ಕದಲ್ಲಿ ಅವು ಮೈಹತ್ತಿರದ ನಿಧಾನ ನೀರನ್ನು ಮೇಲಕ್ಕೆ ಎತ್ತುತ್ತವೆ, ಇನ್ನೊಂದು ಪಕ್ಕದಲ್ಲಿ ಮೇಲಿನ ವೇಗದ ನೀರನ್ನು ತಂದು ಮೈಗೆ ಬಡಿಯುತ್ತವೆ. ವೇಗದ ನೀರು ಮೈಗೆ ಬಡಿದ ಕಡೆಯೆಲ್ಲ ಘರ್ಷಣೆ ಜಾಸ್ತಿ. ನುಣುಪಾದ ಮೈಮೇಲೆ ಈ ಎಳೆಗಳು ಅತ್ತಿಂದಿತ್ತ ಸರಿದಾಡುತ್ತಾ ಎಲ್ಲ ಕಡೆ ಬಡಿಯುತ್ತಿರುತ್ತವೆ. ಗೀರು ಇದ್ದರೆ ಎರಡು ಕೆಲಸ ಆಗುತ್ತದೆ. ಏಣುಗಳು ಬೇಲಿಯ ಹಾಗೆ ನಿಂತು ಅಡ್ಡಡ್ಡ ಸರಿದಾಡುವುದನ್ನು ತಡೆಯುತ್ತವೆ. ಸುಳಿಯ ಎಳೆ ಏಣುಗಳ ತುದಿಯ ಮೇಲೆಯೇ ತೇಲುತ್ತದೆ, ಗೀರಿನೊಳಗೆ ಇಳಿಯುವುದಿಲ್ಲ. ಒಳಗಿರುವುದು ನಿಧಾನ ನೀರು. ಬಡಿತವೆಲ್ಲ ತುದಿಯ ಕಿರಿದಾದ ಜಾಗಕ್ಕೆ ಮಾತ್ರ.

ಇಲ್ಲಿ ಅಳತೆಯೇ ಎಲ್ಲ. ಗೀರು ಸುಳಿಗಿಂತ ಕಿರಿದಾಗಿರಬೇಕು. ಬೇಕಾದ್ದಕ್ಕಿಂತ ಎರಡು ಪಟ್ಟು ಅಗಲವಾದರೆ ಸುಳಿ ಒಳಗೆ ಬಂದು ಕೂರುತ್ತದೆ, ಆಗ ನುಣುಪು ಮೈಗಿಂತ ಕೆಟ್ಟದ್ದು. ಗೀರು ಹರಿವಿನ ದಿಕ್ಕಿಗೇ ಇರಬೇಕು, ಓರೆಯಾದಷ್ಟೂ ಲಾಭ ಇಳಿಯುತ್ತದೆ.

ಅಮೆರಿಕದ ನಾಸಾ ಲ್ಯಾಂಗ್ಲಿ ಕೇಂದ್ರದಲ್ಲಿ ಮೈಕಲ್ ವಾಲ್ಶ್ 1970ರ ದಶಕದ ಕೊನೆಯಿಂದ ಇಂಥ ಗೀರುಗಳನ್ನು ಗಾಳಿ ಸುರಂಗದಲ್ಲಿಟ್ಟು ಪರೀಕ್ಷೆ ಮಾಡಿದರು. ಇಂಗ್ಲಿಷಿನ 'ವಿ' ಅಕ್ಷರದಂಥ ಗೀರಿನಿಂದ ಘರ್ಷಣೆ ಸುಮಾರು ಶೇ 8ರಷ್ಟು ಕಡಿಮೆಯಾಯಿತು. ಈ ಗೀರುಗಳಿಗೆ ರಿಬ್ಲೆಟ್ ಅಂತ ಹೆಸರು. ಅದೇ ಹೊತ್ತಿಗೆ ಜರ್ಮನಿಯ ಟ್ಯೂಬಿಂಗನ್‌ನಲ್ಲಿ ವುಲ್ಫ್-ಅರ್ನ್ಸ್ಟ್ ರೈಫ್ ಅನ್ನುವ ಪಳೆಯುಳಿಕೆ ತಜ್ಞರು ಶಾರ್ಕ್ ಹುರುಪೆಗಳನ್ನು ಒಂದೊಂದಾಗಿ ನೋಡಿ ದಾಖಲಿಸುತ್ತಿದ್ದರು. ಬರ್ಲಿನ್‌ನಲ್ಲಿ ಡೀಟ್ರಿಚ್ ಬೆಖರ್ಟ್ ಮತ್ತು ಅವರ ತಂಡ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ನೀರಿನ ಬದಲು ಎಣ್ಣೆ ಹರಿಯುವ ದೊಡ್ಡ ಕಾಲುವೆ ಕಟ್ಟಿದರು. ಎಣ್ಣೆ ಜಿಗುಟು, ಅದರಲ್ಲಿ ಸುಳಿಗಳೂ ದಪ್ಪ, ಹಾಗಾಗಿ ಗೀರುಗಳನ್ನು ಕಣ್ಣಿಗೆ ಕಾಣುವಷ್ಟು, ಮಿಲಿಮೀಟರ್ ಲೆಕ್ಕದಲ್ಲಿ ಮಾಡಬಹುದು. ತೆಳ್ಳಗಿನ ಬ್ಲೇಡುಗಳನ್ನು ಸಾಲಾಗಿ ನಿಲ್ಲಿಸಿ, ಎತ್ತರ ಬದಲಿಸುತ್ತಾ ಅಳೆದಾಗ ಸಿಕ್ಕ ಗರಿಷ್ಠ ಉಳಿತಾಯ ಶೇ 9.9. 1997ರಲ್ಲಿ ಅದು ಪ್ರಕಟವಾಯಿತು. ಆಮೇಲೆ ಅವರು ನಿಜವಾದ ಶಾರ್ಕಿನ ಹಾಗೆಯೇ ಬಿಡಿ ಬಿಡಿ ಹುರುಪೆಗಳಿರುವ ಮೇಲ್ಮೈಯನ್ನೂ ಮಾಡಿ ನೋಡಿದರು. ಸಾದಾ ನೇರ ಬ್ಲೇಡು ಕೊಟ್ಟಷ್ಟು ಲಾಭ ಅದು ಕೊಡಲಿಲ್ಲ. ಶಾರ್ಕಿನ ತದ್ರೂಪಕ್ಕಿಂತ ಶಾರ್ಕಿನಿಂದ ಹೆಕ್ಕಿದ ಒಂದೇ ಒಂದು ನಿಯಮ ಚೆನ್ನಾಗಿ ಕೆಲಸ ಮಾಡಿತು. ಇಡೀ ವಿಷಯದಲ್ಲಿ ನನಗೆ ಬಹಳ ಮುಖ್ಯ ಅನ್ನಿಸುವುದು ಇದು.

ಇನ್ನೊಂದು ಸಂಗತಿ ನನ್ನನ್ನು ತುಂಬಾ ದಿನ ಕಾಡಿತ್ತು. ಶಾರ್ಕಿನ ಗೀರಿನ ಅಗಲ ಸುಮಾರು 30ರಿಂದ 100 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು ಒಂದು ಮೈಕ್ರಾನ್). ಈಗ ವಿಮಾನಗಳಿಗೆ ಅಂಟಿಸುತ್ತಿರುವ ಫಿಲ್ಮಿನ ಏಣುಗಳ ಅಳತೆ ಸುಮಾರು 50 ಮೈಕ್ರಾನ್. ನಮ್ಮ ತಲೆಗೂದಲಿಗಿಂತ ಸಣ್ಣದು. ಒಂದು ನೀರಿನಲ್ಲಿ ಈಜುವ ಪ್ರಾಣಿ, ಇನ್ನೊಂದು 11 ಕಿಲೋಮೀಟರ್ ಎತ್ತರದಲ್ಲಿ ಹಾರುವ ಯಂತ್ರ, ಅಳತೆ ಮಾತ್ರ ಹೆಚ್ಚು ಕಡಿಮೆ ಒಂದೇ. ಇದು ಹೇಗೆ ಸಾಧ್ಯ?

ಲೆಕ್ಕ ಹಾಕಿದರೆ ಗುಟ್ಟು ಬಿಡುತ್ತದೆ. ಸುಳಿಯ ದಪ್ಪ ಮುಖ್ಯವಾಗಿ ಎರಡನ್ನು ಅವಲಂಬಿಸಿದೆ. ವೇಗ ಹೆಚ್ಚಾದರೆ ಸುಳಿ ಸಣ್ಣದಾಗುತ್ತದೆ. ದ್ರವದ ತೂಕಕ್ಕೆ ಹೋಲಿಸಿದರೆ ಅದರ ಜಿಗುಟು ಎಷ್ಟಿದೆ ಅನ್ನುವುದು ಎರಡನೆಯದು, ಅದು ಹೆಚ್ಚಾದರೆ ಸುಳಿ ದಪ್ಪವಾಗುತ್ತದೆ. ಗಾಳಿ ನೀರಿಗಿಂತ ತೆಳು ಅಲ್ವಾ ಅನ್ನಿಸುತ್ತದೆ, ಆದರೆ ಅದು ಎಷ್ಟು ಹಗುರ ಅಂದರೆ ಈ ಲೆಕ್ಕದಲ್ಲಿ ವಿಮಾನ ಹಾರುವ ಎತ್ತರದ ಗಾಳಿ ನೀರಿಗಿಂತ 30 ಪಟ್ಟಿಗೂ ಹೆಚ್ಚು 'ಜಿಗುಟು'. ಈಗ ವೇಗ ನೋಡಿ. ವಿಮಾನ ಗಂಟೆಗೆ 900 ಕಿಲೋಮೀಟರ್ ಹೋಗುತ್ತದೆ. ಶಾರ್ಕ್ ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ನುಗ್ಗುತ್ತಿದೆ ಅಂದುಕೊಂಡರೆ ವಿಮಾನ ಅದಕ್ಕಿಂತ 30 ಪಟ್ಟು ವೇಗ. ಇತ್ತ 30 ಪಟ್ಟು, ಅತ್ತ 30 ಪಟ್ಟು, ಎರಡೂ ವಜಾ ಆಗುತ್ತವೆ. ಅದೃಷ್ಟದಿಂದಲೋ ಏನೋ ಶಾರ್ಕಿನ ಅಳತೆ ವಿಮಾನಕ್ಕೆ ಹೆಚ್ಚು ಬದಲಾವಣೆ ಇಲ್ಲದೆ ಹೊಂದಿಕೊಂಡಿತು.

ಹಾಗಿದ್ದರೆ ವಿಮಾನ ಕಂಪನಿಗಳು 1980ರ ದಶಕದಲ್ಲೇ ಇದನ್ನು ಯಾಕೆ ಬಳಸಲಿಲ್ಲ? ಪ್ರಯತ್ನ ಆಗಿತ್ತು. ಅಮೆರಿಕದ 3ಎಂ ಕಂಪನಿ ಗೀರು ಮೂಡಿಸಿದ ಅಂಟು ಫಿಲ್ಮ್ ತಯಾರಿಸಿತ್ತು. 1984ರ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ರೋಯಿಂಗ್ ದೋಣಿಯ ಮೈಗೆ, 1987ರ ಅಮೆರಿಕಾಸ್ ಕಪ್ ಗೆದ್ದ 'ಸ್ಟಾರ್ಸ್ ಅಂಡ್ ಸ್ಟ್ರೈಪ್ಸ್' ಹಾಯಿದೋಣಿಯ ಮೈಗೆ ಅಂಥ ಫಿಲ್ಮ್ ಅಂಟಿಸಿದ್ದರು. 1989ರಲ್ಲಿ ಏರ್‌ಬಸ್ ತನ್ನ ಎ320 ವಿಮಾನದ ಮೈಯ ಸುಮಾರು ಶೇ 70 ಭಾಗಕ್ಕೆ ಅಂಟಿಸಿ ಹಾರಿಸಿತು. ಉಳಿತಾಯ ಶೇ 1.5ರಿಂದ 2ರ ಆಸುಪಾಸು ಕಂಡಿತು.

ಲ್ಯಾಬಿನಲ್ಲಿ ಶೇ 8, ವಿಮಾನದಲ್ಲಿ ಶೇ 2 ಯಾಕೆ ಅಂತ ಕೇಳಬಹುದು. ಗಾಳಿ ವಿಮಾನಕ್ಕೆ ಒಡ್ಡುವ ಒಟ್ಟು ತಡೆಯಲ್ಲಿ ಮೈಗೆ ಉಜ್ಜುವ ಘರ್ಷಣೆಯ ಪಾಲು ಸರಿಸುಮಾರು ಅರ್ಧ ಮಾತ್ರ. ಉಳಿದರ್ಧಕ್ಕೆ ಗೀರಿನಿಂದ ಏನೂ ಆಗುವುದಿಲ್ಲ. ಇಡೀ ಮೈಗೂ ಅಂಟಿಸಲು ಆಗುವುದಿಲ್ಲ. ಕಿಟಕಿ, ಬಾಗಿಲು, ಸೆನ್ಸರ್, ಎಣ್ಣೆ ಸೋರುವ ಜಾಗಗಳನ್ನೆಲ್ಲ ಬಿಡಬೇಕು. ಎಲ್ಲ ಕಡೆ ಗಾಳಿಯ ದಿಕ್ಕೂ ಒಂದೇ ಇರುವುದಿಲ್ಲ. ಇನ್ನು ನಿರ್ವಹಣೆಯ ಕಷ್ಟ. ಫಿಲ್ಮ್ ಅಂಟಿಸಲು ವಿಮಾನವನ್ನು ಹ್ಯಾಂಗರಿನಲ್ಲಿ ನಿಲ್ಲಿಸಬೇಕು, ನಿಂತ ವಿಮಾನ ದುಡಿಯುವುದಿಲ್ಲ. ಬಿಸಿಲು, ಚಳಿ, ಮಳೆ, ಹೈಡ್ರಾಲಿಕ್ ಎಣ್ಣೆ ಎಲ್ಲವನ್ನೂ ಅದು ತಡೆದುಕೊಳ್ಳಬೇಕು. ಗೀರಿನಲ್ಲಿ ಕೊಳೆ ತುಂಬಿದರೆ ಲಾಭ ಹೋಯಿತು. ಮತ್ತೆ ಪೇಂಟ್ ಮಾಡುವಾಗ ಕಿತ್ತು ತೆಗೆಯಬೇಕು. ಇಂಧನ ಅಗ್ಗವಾಗಿದ್ದ ಆ ಕಾಲದಲ್ಲಿ ಈ ಲೆಕ್ಕ ಸರಿದೂಗಲಿಲ್ಲ.

ಈಗ ದೂಗುತ್ತಿದೆ. ವಿಮಾನ ನಿರ್ವಹಣೆ ಮಾಡುವ ಲುಫ್ತಾನ್ಸಾ ಟೆಕ್ನಿಕ್ ಮತ್ತು ಜರ್ಮನಿಯ ರಾಸಾಯನಿಕ ಕಂಪನಿ ಬಿಎಎಸ್‌ಎಫ್ ಸೇರಿ 'ಏರೋಶಾರ್ಕ್' ಅನ್ನುವ ಫಿಲ್ಮ್ ಮಾಡಿದವು. 2019ರಲ್ಲಿ ಒಂದು ಬೋಯಿಂಗ್ 747ರ ಹೊಟ್ಟೆಯ ಭಾಗಕ್ಕೆ ಅಂಟಿಸಿ ನೋಡಿದರು, ಶೇ 0.8ರಷ್ಟು ಉಳಿತಾಯ. 2022ರ ಡಿಸೆಂಬರಿನಲ್ಲಿ ಯುರೋಪಿನ ವಿಮಾನ ಸುರಕ್ಷತಾ ಸಂಸ್ಥೆಯ ಒಪ್ಪಿಗೆ ಸಿಕ್ಕಿತು. ಸ್ವಿಸ್ ಏರ್‌ಲೈನ್ಸ್ ತನ್ನ 12 ಬೋಯಿಂಗ್ 777-300ಇಆರ್ ವಿಮಾನಗಳಿಗೂ ಇದನ್ನು ಹಾಕಿಸುವ ತೀರ್ಮಾನ ಮಾಡಿತು. ಒಂದೊಂದಕ್ಕೂ ಸುಮಾರು 950 ಚದರ ಮೀಟರ್ ಫಿಲ್ಮ್ ಬೇಕು. ಉಳಿತಾಯ ಶೇ 1.1ರ ಸುತ್ತಮುತ್ತ. ಕೇಳಲು ಏನೂ ಅಲ್ಲ ಅನ್ನಿಸುತ್ತದೆ. ಆದರೆ ಕಂಪನಿ ಕೊಟ್ಟ ಲೆಕ್ಕದ ಪ್ರಕಾರ ಆ 12 ವಿಮಾನಗಳಿಂದ ವರ್ಷಕ್ಕೆ 4,800 ಟನ್ನಿಗಿಂತ ಹೆಚ್ಚು ಇಂಧನ, 15,200 ಟನ್ ಇಂಗಾಲದ ಡೈಆಕ್ಸೈಡ್ ಉಳಿಯುತ್ತದೆ. ಭಾಗಿಸಿ ನೋಡಿ. ಒಂದು ವಿಮಾನಕ್ಕೆ ವರ್ಷಕ್ಕೆ 400 ಟನ್. ಎಂಜಿನ್ ಮುಟ್ಟದೆ, ರೆಕ್ಕೆ ಬದಲಿಸದೆ, ಹಳೆಯ ವಿಮಾನದ ಮೈಗೆ ಒಂದು ಹಾಳೆ ಅಂಟಿಸಿದ್ದಕ್ಕೆ ಇಷ್ಟು ಸಿಗುತ್ತದೆ ಅಂದರೆ ನಾನಂತೂ ಇದನ್ನು ಸಣ್ಣದು ಅನ್ನುವುದಿಲ್ಲ. ಲುಫ್ತಾನ್ಸಾ ಕಾರ್ಗೋ, ಜಪಾನಿನ ಎಎನ್‌ಎ ಕೂಡ ಇದೇ ದಾರಿ ಹಿಡಿದಿವೆ. ಜಪಾನ್ ಏರ್‌ಲೈನ್ಸ್ ಫಿಲ್ಮಿನ ಬದಲು ಪೇಂಟಿನಲ್ಲೇ ಗೀರು ಮೂಡಿಸುವ ವಿಧಾನವನ್ನು 787-9 ವಿಮಾನದ ಮೇಲೆ ಬಳಸಲು ಶುರು ಮಾಡಿದೆ.

ಈ ಕಥೆಯಲ್ಲಿ ಬೆಂಗಳೂರಿಗೂ ಒಂದು ಜಾಗ ಇದೆ, ಅದು ಹೆಚ್ಚು ಜನರಿಗೆ ಗೊತ್ತಿಲ್ಲ. ನ್ಯಾಷನಲ್ ಏರೋಸ್ಪೇಸ್ ಲ್ಯಾಬೊರೇಟರೀಸ್, ನಾವೆಲ್ಲ ಎನ್‌ಎಎಲ್ ಅನ್ನುವ ಸಂಸ್ಥೆಯಲ್ಲಿ ಪಿ. ಆರ್. ವಿಶ್ವನಾಥ್ ಮತ್ತು ಸಹೋದ್ಯೋಗಿಗಳು 1990ರ ದಶಕದಲ್ಲಿ ರೆಕ್ಕೆಯ ಮಾದರಿಗಳಿಗೆ 3ಎಂ ಫಿಲ್ಮ್ ಅಂಟಿಸಿ ಗಾಳಿ ಸುರಂಗದಲ್ಲಿ ಅಳೆದರು. ಅಲ್ಲಿಯವರೆಗೆ ಹೆಚ್ಚಿನ ಪ್ರಯೋಗ ನಡೆದಿದ್ದು ಚಪ್ಪಟೆ ಹಲಗೆಯ ಮೇಲೆ. ರೆಕ್ಕೆ ಚಪ್ಪಟೆ ಅಲ್ಲ, ಅದರ ಬೆನ್ನ ಮೇಲೆ ಗಾಳಿ ಹಿಂದಕ್ಕೆ ಹೋದ ಹಾಗೆ ನಿಧಾನವಾಗುತ್ತದೆ, ಒತ್ತಡ ಏರುತ್ತದೆ. ಅಂಥ ಕಡೆ ಗೀರಿನ ಲಾಭ ಉಳಿಯುತ್ತದೋ ಇಲ್ಲವೋ ಅನ್ನುವುದು ಪ್ರಶ್ನೆಯಾಗಿತ್ತು. ಉಳಿಯುವುದಷ್ಟೇ ಅಲ್ಲ, ರೆಕ್ಕೆಯನ್ನು ಸ್ವಲ್ಪ ಸ್ವಲ್ಪ ಮೇಲಕ್ಕೆ ಓರೆ ಮಾಡಿದ ಹಾಗೆ ಲಾಭ ಹೆಚ್ಚುತ್ತದೆ ಅಂತ ಇವರ ಅಳತೆಗಳು ತೋರಿಸಿದವು. 2002ರಲ್ಲಿ ವಿಶ್ವನಾಥ್ ಈ ಇಡೀ ಕ್ಷೇತ್ರದ ಬಗ್ಗೆ ಬರೆದ ಪರಾಮರ್ಶೆಯನ್ನು ರಿಬ್ಲೆಟ್ ಕೆಲಸ ಮಾಡುವವರು ಇವತ್ತಿಗೂ ಉಲ್ಲೇಖಿಸುತ್ತಾರೆ.

ಇನ್ನು ಈಜುಡುಪು. 'ಶಾರ್ಕ್ ಚರ್ಮ' ಅಂದ ಕೂಡಲೇ ಜಾಸ್ತಿ ಜನಕ್ಕೆ ನೆನಪಾಗುವುದು ಇದೇ. 2000ದ ಸಿಡ್ನಿ ಒಲಿಂಪಿಕ್ಸ್ ಹೊತ್ತಿಗೆ ಸ್ಪೀಡೋ ಕಂಪನಿ 'ಫಾಸ್ಟ್‌ಸ್ಕಿನ್' ಉಡುಪು ತಂದಿತು, ಶಾರ್ಕಿನ ಹಾಗೆ ಏಣುಗಳಿವೆ ಅಂತ ಪ್ರಚಾರ ಮಾಡಿತು. 2008ರ ಬೀಜಿಂಗ್‌ನಲ್ಲಿ ಬಂದದ್ದು ಎಲ್‌ಝಡ್‌ಆರ್ ರೇಸರ್, ದಾಖಲೆಗಳು ಉದುರಿದವು. 2009ರ ರೋಮ್ ವಿಶ್ವ ಚಾಂಪಿಯನ್‌ಷಿಪ್ಪಿನಲ್ಲಿ ಹೊಸ ಥರದ ಉಡುಪುಗಳ ಅಬ್ಬರದಲ್ಲಿ 43 ವಿಶ್ವ ದಾಖಲೆಗಳಾದವು. 2010ರಿಂದ ಅಂಥ ಉಡುಪುಗಳು ನಿಷೇಧವಾದವು. 'ಶಾರ್ಕ್ ಚರ್ಮ ಎಷ್ಟು ಶಕ್ತಿಶಾಲಿ ಅಂದರೆ ನಿಷೇಧಿಸಬೇಕಾಯಿತು' ಅಂತ ಈಗಲೂ ಓದಲು ಸಿಗುತ್ತದೆ. ಅದು ತಪ್ಪು. ಆ ಉಡುಪುಗಳು ಕೆಲಸ ಮಾಡಿದ್ದು ಮೈಯನ್ನು ಬಿಗಿಯಾಗಿ ಅಮುಕಿ ನೀಟಾಗಿಸಿದ್ದರಿಂದ, ಪಾಲಿಯುರೆಥೇನ್ ಪಟ್ಟಿಗಳು ನೀರು ಹೀರದೆ ತೇಲಲು ನೆರವಾದ್ದರಿಂದ. ಶಾರ್ಕಿಗೂ ಅದಕ್ಕೂ ಸಂಬಂಧ ಇಲ್ಲ.

ಇದನ್ನು ಅಳೆದು ತೋರಿಸಿದವರು ಹಾರ್ವರ್ಡ್‌ನ ಜಾರ್ಜ್ ಲಾಡರ್ ಮತ್ತು ಯೋಹಾನೆಸ್ ಓಫ್ನರ್. ಬಾಸ್ಟನ್ನಿನ ಮೀನು ಮಾರುಕಟ್ಟೆಗಳಿಂದ ತಾಜಾ ಮಾಕೋ ಮತ್ತಿತರ ಶಾರ್ಕ್‌ಗಳನ್ನು ತಂದು, ಚರ್ಮ ಸುಲಿದು, ಈಜುವ ಯಂತ್ರಕ್ಕೆ ತೊಡಿಸಿದರು. ಮೊದಲು ಹುರುಪೆ ಸಮೇತ ಈಜಿಸಿದರು. ಆಮೇಲೆ ಸ್ಯಾಂಡ್ ಪೇಪರಿನಿಂದ ಹುರುಪೆ ಉಜ್ಜಿ ತೆಗೆದು ಮತ್ತೆ ಈಜಿಸಿದರು. ಚರ್ಮವನ್ನು ಬಾಗದ ಗಟ್ಟಿ ಹಲಗೆಗೆ ಅಂಟಿಸಿದ್ದಾಗ ಹುರುಪೆಯಿಂದ ಏನೂ ಉಪಯೋಗ ಆಗಲಿಲ್ಲ. ಬಾಗುವ ಹಾಗೆ ಬಿಟ್ಟಾಗ ಮಾತ್ರ ಹುರುಪೆ ಇದ್ದ ಚರ್ಮ ಸರಾಸರಿ ಶೇ 12.3ರಷ್ಟು ವೇಗವಾಗಿ ಈಜಿತು. ಈಜುಡುಪಿನ ಬಟ್ಟೆಯನ್ನೂ ಹೀಗೆಯೇ ಒಳಮೈ ಹೊರಮೈ ತಿರುಗಿಸಿ ನೋಡಿದರು, ಅದರ ಮೇಲಿನ 'ಏಣು'ಗಳಿಂದ ವೇಗ ಹೆಚ್ಚಲಿಲ್ಲ. 2012ರ ಈ ಪ್ರಯೋಗದಿಂದ ಇನ್ನೂ ದೊಡ್ಡ ಪ್ರಶ್ನೆ ಎದ್ದಿತು. ಹುರುಪೆ ನೀರಿನ ತಡೆಯನ್ನು ಕಡಿಮೆ ಮಾಡುತ್ತದೋ, ಅಥವಾ ಬಾಗುವ ಮೈಗೆ ಮುಂದಕ್ಕೆ ತಳ್ಳುವ ಬಲ ಹೆಚ್ಚಿಸುತ್ತದೋ? ಎರಡನೆಯದೂ ಇದೆ ಅಂತ ಲಾಡರ್ ಹೇಳಿದರು, ಚರ್ಮದ ಮುಂಚೂಣಿಯಲ್ಲಿ ಹುಟ್ಟುವ ಸುಳಿ ಹುರುಪೆಯಿಂದ ಬಲವಾಗಿ, ಹತ್ತಿರವಾಗಿ ನಿಲ್ಲುತ್ತದೆ, ಅದು ಮೈಯನ್ನು ಮುಂದಕ್ಕೆ ಹೀರುತ್ತದೆ ಅಂತ. 2014ರಲ್ಲಿ ಅದೇ ಲ್ಯಾಬಿನವರು 3ಡಿ ಪ್ರಿಂಟರಿನಲ್ಲಿ ಶಾರ್ಕ್ ಚರ್ಮ ಅಚ್ಚು ಹಾಕಿದರು. ಅಷ್ಟು ಸಣ್ಣ ಹುರುಪೆ ಮಾಡಲಾಗದೆ ಸುಮಾರು 10 ಪಟ್ಟು ದೊಡ್ಡದು ಮಾಡಿದ್ದರು. ಆದರೂ ಒಂದು ನಿರ್ದಿಷ್ಟ ಲಯದಲ್ಲಿ ಬಳುಕಿಸಿದಾಗ ವೇಗ ಶೇ 6.6ರಷ್ಟು ಹೆಚ್ಚಿತು.

2016ರಲ್ಲಿ ಬೂಮ್ಸ್‌ಮಾ ಮತ್ತು ಸೊಟಿರೊಪೊಲೊಸ್ ಅನ್ನುವ ಸಂಶೋಧಕರು ಕಂಪ್ಯೂಟರಿನಲ್ಲಿ ಮಾಕೋ ಹುರುಪೆಗಳನ್ನು ಗಟ್ಟಿ ಗೋಡೆಯ ಮೇಲೆ ಕೂರಿಸಿ ನೀರು ಹರಿಸಿದಾಗ ತಡೆ ಕಡಿಮೆಯಾಗುವ ಬದಲು ಶೇ 44ರಿಂದ 50ರಷ್ಟು ಹೆಚ್ಚಾಯಿತು. ಇದನ್ನು ಓದಿ ಕೆಲವರು ಶಾರ್ಕ್ ಕಥೆಯೇ ಸುಳ್ಳು ಅಂದರು. ನನಗೆ ಹಾಗನ್ನಿಸುವುದಿಲ್ಲ. ಬೆಖರ್ಟ್, ಲಾಡರ್, ಈ ಕಂಪ್ಯೂಟರ್ ಲೆಕ್ಕ, ಮೂರೂ ಒಂದೇ ಕಡೆ ಬೆರಳು ಮಾಡುತ್ತಿವೆ. ಗಟ್ಟಿ ಮೇಲ್ಮೈಗೆ ಬೇಕಾದ್ದು ನೇರ ಗೀರು, ಬಾಗುವ ಮೈಗೆ ಬೇಕಾದ್ದು ಬಿಡಿ ಹುರುಪೆ. ವಿಮಾನ ಬಾಗುವುದಿಲ್ಲ, ಹಾಗಾಗಿ ಅದು ಗೀರನ್ನು ಮಾತ್ರ ತೆಗೆದುಕೊಂಡು ಗೆದ್ದಿತು. ಈಜುಡುಪು ಶಾರ್ಕಿನ ಹೆಸರನ್ನು ಮಾತ್ರ ತೆಗೆದುಕೊಂಡಿತು.

ಆಸ್ಪತ್ರೆಗೆ ಬಂದ ಶಾರ್ಕ್ ಚರ್ಮದ್ದು ಬೇರೆಯೇ ದಾರಿ. 2002ರಲ್ಲಿ ಫ್ಲಾರಿಡಾ ವಿಶ್ವವಿದ್ಯಾಲಯದ ಆಂಟನಿ ಬ್ರೆನನ್ ಅಮೆರಿಕ ನೌಕಾಪಡೆಯ ಕೆಲಸದ ಮೇಲೆ ಹವಾಯಿಯ ಪರ್ಲ್ ಹಾರ್ಬರಿಗೆ ಹೋಗಿದ್ದರು. ಹಡಗಿನ ತಳಕ್ಕೆ ಪಾಚಿ, ಚಿಪ್ಪುಜೀವಿಗಳು ಅಂಟಿಕೊಳ್ಳುವುದನ್ನು ವಿಷವಿಲ್ಲದೆ ತಡೆಯುವುದು ಹೇಗೆ ಅನ್ನುವುದು ಪ್ರಶ್ನೆ. ಪಾಚಿ ಹೊತ್ತು ಬಂದರಿಗೆ ಬರುತ್ತಿದ್ದ ಜಲಾಂತರ್ಗಾಮಿ ಅವರಿಗೆ ತಿಮಿಂಗಿಲದ ಹಾಗೆ ಕಂಡಿತು. ಅಷ್ಟೇ ನಿಧಾನವಾಗಿ ಓಡಾಡಿದರೂ ಮೈಗೆ ಏನೂ ಅಂಟದ ದೊಡ್ಡ ಪ್ರಾಣಿ ಯಾವುದು ಅಂತ ಯೋಚಿಸಿದಾಗ ಸಿಕ್ಕಿದ್ದು ಶಾರ್ಕ್. ಅದರ ಚರ್ಮದ ಅಚ್ಚು ತೆಗೆದು, ಏಣುಗಳ ಎತ್ತರಕ್ಕೂ ಅಗಲಕ್ಕೂ ಇರುವ ಪ್ರಮಾಣ ಹಿಡಿದು, ವಜ್ರಾಕಾರದಲ್ಲಿ ಜೋಡಿಸಿದ ಗೆರೆಗಳ ವಿನ್ಯಾಸ ಮಾಡಿದರು. 'ಶಾರ್ಕ್‌ಲೆಟ್' ಅದರ ಹೆಸರು. ಹಡಗಿನ ಮೇಲೆ ಬೆಳೆಯುವ ಉಲ್ವಾ ಅನ್ನುವ ಹಸಿರು ಪಾಚಿಯ ಬೀಜಕಣಗಳು ನುಣುಪು ಮೇಲ್ಮೈಗೆ ಹೋಲಿಸಿದರೆ ಇದರ ಮೇಲೆ ಶೇ 85ರಷ್ಟು ಕಡಿಮೆ ಕೂತವು.

ಇಲ್ಲೂ ಅಳತೆಯೇ ಮುಖ್ಯ. ಉಲ್ವಾ ಬೀಜಕಣ ಸುಮಾರು 5 ಮೈಕ್ರಾನ್, ಅದಕ್ಕೆ 2 ಮೈಕ್ರಾನ್ ಗೆರೆ ಬೇಕು. ಬಾರ್ನಕಲ್ ಅನ್ನುವ ಚಿಪ್ಪುಜೀವಿಯ ಮರಿ ಅದಕ್ಕಿಂತ ತುಂಬಾ ದೊಡ್ಡದು, ಅದನ್ನು ತಡೆಯಲು 20 ಮೈಕ್ರಾನ್ ಅಂತರ, 40 ಮೈಕ್ರಾನ್ ಎತ್ತರ ಬೇಕಾಯಿತು. ಆಗ ಶೇ 97ರಷ್ಟು ಕಡಿಮೆಯಾಯಿತು. ಒಂದಕ್ಕೆ ಹೇಳಿ ಮಾಡಿಸಿದ ಮೇಲ್ಮೈ ಇನ್ನೊಂದನ್ನು ತಡೆಯುವುದಿಲ್ಲ. ಸಮುದ್ರದಲ್ಲಿ ಅಂಟುವ ಜೀವಿಗಳು ಸಾವಿರಾರು, ಅಳತೆಗಳೂ ಸಾವಿರಾರು. ಹಡಗಿಗೆ ಅಂತ ಹುಟ್ಟಿದ ಯೋಚನೆ ಆಸ್ಪತ್ರೆಯಲ್ಲಿ ನೆಲೆ ಕಂಡದ್ದು ಇದರಿಂದಲೇ. ಅಲ್ಲಿ ಶತ್ರು ಬ್ಯಾಕ್ಟೀರಿಯಾ, ಅಳತೆ ಹೆಚ್ಚು ಕಡಿಮೆ 1 ಮೈಕ್ರಾನ್, ವ್ಯತ್ಯಾಸ ಕಡಿಮೆ. ಕ್ಯಾಥೆಟರ್ (ರೋಗಿಯ ಮೈಯೊಳಗೆ ತೂರಿಸುವ ತೆಳು ನಳಿಕೆ) ಥರದ ಸಾಧನಗಳ ಮೇಲೆ ಈ ವಿನ್ಯಾಸವನ್ನು ಮೂಡಿಸುವ ಕೆಲಸ ನಡೆದಿದೆ. ಇದು ಬ್ಯಾಕ್ಟೀರಿಯಾವನ್ನು ಕೊಲ್ಲುವುದಿಲ್ಲ, ಅನುಕೂಲವಾಗಿ ಕೂತು ಗುಂಪು ಕಟ್ಟಲು ಬಿಡುವುದಿಲ್ಲ ಅಷ್ಟೇ. ಔಷಧವೇ ಇಲ್ಲದ ಮೇಲೆ ಔಷಧಕ್ಕೆ ಬಗ್ಗದ ತಳಿ ಹುಟ್ಟುವ ಭಯವೂ ಕಡಿಮೆ. ಆ್ಯಂಟಿಬಯೋಟಿಕ್‌ಗಳು ಒಂದೊಂದಾಗಿ ಸೋಲುತ್ತಿರುವ ಈ ಕಾಲದಲ್ಲಿ ನನಗೆ ಇದು ವಿಮಾನಕ್ಕಿಂತ ಹತ್ತಿರದ ವಿಷಯ.

ಕೊನೆಗೆ ಮಾಕೋದ ಪಕ್ಕೆಗೆ ಬರುತ್ತೇನೆ. ಅಲ್ಲಿನ ಹುರುಪೆಗಳು ಸಡಿಲ ಅಂದೆನಲ್ಲ, ಅವುಗಳ ಕೆಲಸವನ್ನು ಅಲಬಾಮಾ ವಿಶ್ವವಿದ್ಯಾಲಯದ ಏಮಿ ಲ್ಯಾಂಗ್ ವರ್ಷಗಟ್ಟಲೆ ಹಿಂಬಾಲಿಸಿದ್ದಾರೆ. ವೇಗವಾಗಿ ಹೋಗುವ ಮೈಯ ಅಗಲವಾದ ಭಾಗ ದಾಟಿದ ಮೇಲೆ ನೀರು ಮೈಯನ್ನು ಬಿಟ್ಟು ಕಳಚಿಕೊಳ್ಳಲು ನೋಡುತ್ತದೆ, ಮೈಹತ್ತಿರ ಸ್ವಲ್ಪ ನೀರು ಹಿಮ್ಮುಖವಾಗಿ ಹರಿಯಲು ಶುರುವಾಗುತ್ತದೆ. ಆ ಹಿಮ್ಮುಖ ನೀರೇ ಸಡಿಲ ಹುರುಪೆಗಳನ್ನು ಎತ್ತಿ ನಿಲ್ಲಿಸುತ್ತದೆ, 50 ಡಿಗ್ರಿಯವರೆಗೂ ಅವು ಏಳಬಲ್ಲವು. ಎದ್ದ ಹುರುಪೆ ಹಿಮ್ಮುಖ ನೀರಿಗೆ ಅಡ್ಡಗಟ್ಟುತ್ತದೆ, ನೀರು ಮತ್ತೆ ಮೈಗೆ ಅಂಟಿಕೊಳ್ಳುತ್ತದೆ, ಹುರುಪೆ ಮಲಗುತ್ತದೆ. ಸ್ನಾಯು ಬೇಡ, ಮೆದುಳು ಬೇಡ, ಸೆನ್ಸರ್ ಬೇಡ. ವಿಮಾನದ ರೆಕ್ಕೆ, ಹೆಲಿಕಾಪ್ಟರಿನ ಬ್ಲೇಡುಗಳಲ್ಲಿ ಗಾಳಿ ಕಳಚಿಕೊಳ್ಳುವುದೇ ದೊಡ್ಡ ತಲೆನೋವು. ಗೀರಿನ ಶೇ 1ಕ್ಕಿಂತ ದೊಡ್ಡ ಲಾಭ ಅಡಗಿರುವುದು ಇಲ್ಲೇ ಅಂತ ನನ್ನ ಅಂದಾಜು.

ಲ್ಯಾಂಗ್ ಅವರ ಅಳತೆಗಳು ಸತ್ತ ಶಾರ್ಕಿನಿಂದ ತೆಗೆದ ಚರ್ಮದ ತುಂಡುಗಳ ಮೇಲೆ ನಡೆದವು. ಈಜುತ್ತಿರುವ ಮಾಕೋದ ಮೈಮೇಲೆ ಇದನ್ನು ನೋಡುವುದು ಬಹಳ ಕಷ್ಟ. ಅದನ್ನು ಅಕ್ವೇರಿಯಂನಲ್ಲಿ ಸಾಕಲು ಆಗುವುದಿಲ್ಲ, ತೊಟ್ಟಿಯಲ್ಲಿ ಬಿಟ್ಟರೆ ಕೆಲವೇ ದಿನಗಳಲ್ಲಿ ಸಾಯುತ್ತದೆ. ಸಮುದ್ರದಲ್ಲೇ ಹುಡುಕಬೇಕು. ಆದರೆ ತೆರೆದ ಸಮುದ್ರದ ಶಾರ್ಕ್ ಮತ್ತು ತೊರಕೆಗಳ (ಇಂಗ್ಲಿಷಿನಲ್ಲಿ 'ರೇ' ಅನ್ನುವ ಚಪ್ಪಟೆ ಮೀನು) ಸಂಖ್ಯೆ 1970ರಿಂದ ಈಚೆಗೆ ಶೇ 71ರಷ್ಟು ಕುಸಿದಿದೆ ಅಂತ 2021ರ ಜಾಗತಿಕ ಲೆಕ್ಕ ಹೇಳುತ್ತದೆ. ಕಾರಣ ಅತಿಯಾದ ಮೀನುಗಾರಿಕೆ. ಮಾಕೋ 2019ರಲ್ಲಿ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ ಐಯುಸಿಎನ್‌ನ ಅಳಿವಿನಂಚಿನ ಪಟ್ಟಿಗೆ ಸೇರಿತು. ಅದರ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಅದೇ ವರ್ಷ ಅಪಾಯದಲ್ಲಿರುವ ಜೀವಿಗಳ ವ್ಯಾಪಾರ ನಿಯಂತ್ರಿಸುವ ಸೈಟ್ಸ್ ಒಪ್ಪಂದದಡಿ ಕಡಿವಾಣ ಬಿತ್ತು. ಭಾರತ ಶಾರ್ಕ್ ರೆಕ್ಕೆಗಳ ರಫ್ತನ್ನು 2015ರಲ್ಲೇ ನಿಲ್ಲಿಸಿದೆ. ಹುರುಪೆಗಳು ಯಾವ ವೇಗದಲ್ಲಿ, ಯಾವ ತಿರುವಿನಲ್ಲಿ, ಎಷ್ಟು ಎದ್ದು ಎಷ್ಟು ಹೊತ್ತು ನಿಲ್ಲುತ್ತವೆ ಅನ್ನುವುದನ್ನು ಕಣ್ಣಾರೆ ಅಳೆಯಬೇಕಾದರೆ ಕ್ಯಾಮೆರಾದ ಎದುರು ಪೂರ್ತಿ ವೇಗದಲ್ಲಿ ತಿರುಗುತ್ತಿರುವ ಒಂದು ಜೀವಂತ ಮಾಕೋ ಬೇಕು.